ನಿಂತ ಹುಡುಗ, ಓಡಿದ ಹುಡುಗ: ಮೂಡಿಗೆರೆ ಕಡೆಯ ಒಂದು ಪ್ರಕರಣ

ಮೂಡಿಗೆರೆ ತಾಲ್ಲೂಕಿನ ಒಂದು ಕಾಫಿ ತೋಟ. 2025ರ ಫೆಬ್ರವರಿ. ಕಣದಲ್ಲಿ ಒಣಗಿಸಿ ತುಂಬಿಟ್ಟಿದ್ದ ರೋಬಸ್ಟಾ ಚೆರ್ರಿಯಲ್ಲಿ ನಾಲ್ಕು ಮೂಟೆ ಬೆಳಗಾಗುವಷ್ಟರಲ್ಲಿ ಮಾಯವಾಗಿತ್ತು. 50 ಕೆ.ಜಿ.ಯ ಮೂಟೆಗೆ ಹತ್ತು ಸಾವಿರ ರೂಪಾಯಿ ದಾಟಿದ್ದ ಕಾಲ ಅದು. ಆ ಬೆಲೆಗೆ ಕಣ ಕಾಯುವುದೇ ಮಲೆನಾಡಿನಲ್ಲಿ ದೊಡ್ಡ ಕೆಲಸವಾಗಿತ್ತು. ತೋಟದ ಸಾಹುಕಾರರು ಠಾಣೆಗೆ ದೂರು ಕೊಟ್ಟರು. ಪಿಕಪ್ ಓಡಿಸುವ ಒಬ್ಬಾತನ ಮೇಲೆ ಅನುಮಾನವಿದೆ, ಅವನ ಜೊತೆ ಓಡಾಡುವ ಊರಿನ ಹುಡುಗರೂ ಇರಬಹುದು ಎಂದು ಬರೆಸಿದರು. ಹುಡುಗರ ಹೆಸರು ದೂರಿನಲ್ಲಿ ಇರಲಿಲ್ಲ.

ಆದರೆ ಊರು ಚಿಕ್ಕದು. ಹಿಂದಿನ ವಾರ ಕಬಡ್ಡಿ ಮ್ಯಾಚ್ ನೋಡಲು ಅದೇ ಪಿಕಪ್ ಹತ್ತಿಕೊಂಡು ಹೋಗಿದ್ದ ಇಬ್ಬರು ಹುಡುಗರನ್ನು ನೋಡಿದವರು ಬೇಕಾದಷ್ಟು ಜನ ಇದ್ದರು. ಅಷ್ಟೇ ಸಾಕಾಯಿತು.

ಒಬ್ಬನಿಗೆ 16 ವರ್ಷ. ಸರ್ಕಾರಿ ಪಿಯು ಕಾಲೇಜಿನಲ್ಲಿ ಮೊದಲ ವರ್ಷ. ಅಪ್ಪ ಅಮ್ಮ ಇಬ್ಬರೂ ಅದೇ ತೋಟದ ಕೆಲಸಗಾರರು, ವಾಸ ಲೈನ್ ಮನೆಯಲ್ಲಿ. ಇನ್ನೊಬ್ಬನಿಗೆ 17. ಎಸ್ಸೆಸ್ಸೆಲ್ಸಿ ಮುಗಿಸಿ ಓದು ಬಿಟ್ಟು ಬೈಕ್ ಗ್ಯಾರೇಜ್ ಸೇರಿದ್ದ. ಮನೆಯಲ್ಲಿ ತಾಯಿ ಮಾತ್ರ. ಇಬ್ಬರ ಹೆಸರನ್ನೂ ಬರೆಯುವುದಿಲ್ಲ. 18 ತುಂಬದೆ ಪೊಲೀಸ್ ಪ್ರಕರಣದಲ್ಲಿ ಸಿಕ್ಕಿಕೊಂಡ ಮಕ್ಕಳ ಹೆಸರು, ಊರು, ಶಾಲೆ, ಫೋಟೋ ಯಾವುದನ್ನೂ ಹೊರಗೆ ಹಾಕಬಾರದು ಅಂತ 2015ರ ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 74 ಹೇಳುತ್ತದೆ. ಗುರುತು ಸಿಗಬಾರದೆಂದು ಕೆಲವು ವಿವರಗಳನ್ನೂ ಬದಲಿಸಿದ್ದೇನೆ. ಇಲ್ಲಿ ಅವರು ಕಾಲೇಜು ಹುಡುಗ ಮತ್ತು ಗ್ಯಾರೇಜ್ ಹುಡುಗ.

ನಾನು ಚಿಕ್ಕಮಗಳೂರಿನಲ್ಲಿ ವಕೀಲಿಕೆ ಮಾಡುತ್ತೇನೆ. ಹೈಸ್ಕೂಲು, ಪಿಯು ಕಾಲೇಜುಗಳಿಗೆ ಹೋಗಿ ಕಾನೂನಿನ ತರಗತಿ ತೆಗೆದುಕೊಳ್ಳುತ್ತೇನೆ. ಪೊಲೀಸರು ನಿಲ್ಲಿಸಿದರೆ ಏನು ಮಾಡಬೇಕು ಎಂಬುದು ಅದರಲ್ಲಿ ಒಂದು ಪಾಠ. ಕಾಲೇಜು ಹುಡುಗ ಆ ಪಾಠದಲ್ಲಿ ಕೂತಿದ್ದ. ಗ್ಯಾರೇಜ್ ಹುಡುಗ ಕೂತಿರಲಿಲ್ಲ. ಒಂದೇ ಅನುಮಾನದಲ್ಲಿ, ಒಂದೇ ಠಾಣೆಯಲ್ಲಿ ಇಬ್ಬರಿಗೂ ಆದದ್ದನ್ನು ಅಕ್ಕಪಕ್ಕ ಇಟ್ಟು ನೋಡಲು ಸಿಕ್ಕಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ತರಗತಿಯಲ್ಲಿ ಹೇಳಿಕೊಟ್ಟದ್ದು

ಬಂಧಿತರ ಹಕ್ಕು ಹೇಳುವ ಸಂವಿಧಾನದ 22ನೇ ವಿಧಿ, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಬೇಕಿಲ್ಲ ಅನ್ನುವ 20(3)ನೇ ವಿಧಿ ಅಂತ ಬೋರ್ಡ್ ಮೇಲೆ ಬರೆದರೆ ಮಕ್ಕಳು ಬರೆದುಕೊಳ್ಳುತ್ತಾರೆ. ಪರೀಕ್ಷೆಯಲ್ಲಿ ಬರೆದು ಅಂಕವನ್ನೂ ತೆಗೆದುಕೊಳ್ಳುತ್ತಾರೆ. ಆದರೆ ಸಂಜೆ ಏಳು ಗಂಟೆಗೆ ಬಸ್ ಸ್ಟ್ಯಾಂಡ್ ಹತ್ತಿರ "ಏಯ್, ಬಾರೋ ಇಲ್ಲಿ" ಅಂದ ಕೂಡಲೇ ಅದ್ಯಾವುದೂ ಬಾಯಿಗೆ ಬರುವುದಿಲ್ಲ. ಹೆದರಿದವರ ಬಾಯಿಗೆ ರೂಢಿಯಾದ ಮಾತು ಮಾತ್ರ ಬರುತ್ತದೆ. ಹಾಗಾಗಿ ನಮ್ಮ ಪಾಠ ಹೆಚ್ಚುಕಡಿಮೆ ನಾಟಕದ ರಿಹರ್ಸಲ್ ಇದ್ದ ಹಾಗೆ. ಒಬ್ಬರು ಪೊಲೀಸ್, ಒಬ್ಬರು ಹುಡುಗ ಅಥವಾ ಹುಡುಗಿ, ಉಳಿದವರು ನೋಡುವವರು.

ಪೊಲೀಸ್ ಪಾತ್ರಕ್ಕೆ ನಾ ಮುಂದು ತಾ ಮುಂದು ಅಂತ ಬರುತ್ತಾರೆ. ಬಂದವರು ಬಾಯಿ ತೆರೆಯುವುದೇ ಬೈಗುಳದಿಂದ. ಸ್ಕೇಲನ್ನೇ ಲಾಠಿ ಮಾಡಿಕೊಳ್ಳುತ್ತಾರೆ. ಅದನ್ನು ಎಲ್ಲಿ ನೋಡಿ ಕಲಿತರು ಅಂತ ಕೇಳಬೇಕಾಗಿಲ್ಲ. ಸಿಕ್ಕಿಬಿದ್ದ ಹುಡುಗನ ಪಾತ್ರ ಮಾಡುವವರು ಒಂದೋ ಸಿನಿಮಾ ಡೈಲಾಗ್ ಹೊಡೆಯುತ್ತಾರೆ, ಇಲ್ಲಾ ತಲೆ ತಗ್ಗಿಸಿ ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರೆ. ಎರಡೂ ಅಪಾಯವೇ.

ನಾವು ರೂಢಿ ಮಾಡಿಸುವುದು ಸ್ವಲ್ಪವೇ ಮಾತು. "ಸಾರ್, ನನಗೆ ಹದಿನಾರು ವರ್ಷ." "ಬರ್ತೀನಿ ಸಾರ್, ಓಡಿಹೋಗಲ್ಲ." "ಮನೆಗೊಂದು ಫೋನ್ ಮಾಡ್ತೀನಿ." "ಅಪ್ಪ ಅಮ್ಮ ಬಂದ್ಮೇಲೆ ಹೇಳ್ತೀನಿ." "ಓದದೆ ಸೈನ್ ಹಾಕಲ್ಲ ಸಾರ್." ಕೈ ಜೇಬಿನಿಂದ ಹೊರಗಿರಬೇಕು. ದನಿ ಏರಬಾರದು. ಸುಳ್ಳು ಹೇಳಬಾರದು. ಹೇಳಲು ಇಷ್ಟವಿಲ್ಲದಿದ್ದರೆ ಆಮೇಲೆ ಹೇಳ್ತೀನಿ ಅಂದರೆ ಸಾಕು.

ಈ "ಸಾರ್" ಬಗ್ಗೆ ನನ್ನ ಕೆಲವು ಸ್ನೇಹಿತರಿಗೆ ಸಿಟ್ಟಿದೆ. ಹಕ್ಕು ಕೇಳುವುದಕ್ಕೆ ಯಾಕೆ ಇಷ್ಟು ಬಗ್ಗಬೇಕು ಅನ್ನುತ್ತಾರೆ. ನನ್ನ ಅಭಿಪ್ರಾಯ ಬೇರೆ. ರಸ್ತೆಯಲ್ಲಿ ಹದಿನಾರರ ಹುಡುಗನ ಕೆಲಸ ಗೆಲ್ಲುವುದಲ್ಲ, ಪೆಟ್ಟಾಗದೆ ಮನೆ ಸೇರುವುದು. ಗೆಲ್ಲುವ ಕೆಲಸಕ್ಕೆ ನಾವಿದ್ದೇವೆ, ಕೋರ್ಟಿದೆ. ಮೇಲಾಗಿ ಈ ಮಾತುಗಳಲ್ಲಿ ಒಂದು ಹಕ್ಕನ್ನೂ ಬಿಟ್ಟುಕೊಟ್ಟಿಲ್ಲ. ವಯಸ್ಸು ಹೇಳಿದ ಕ್ಷಣದಿಂದ ಬಾಲ ನ್ಯಾಯ ಕಾಯ್ದೆ ಶುರುವಾಗುತ್ತದೆ. ಅಪ್ಪ ಅಮ್ಮ ಬಂದ ಮೇಲೆ ಅನ್ನುವುದು 2016ರ ಬಾಲ ನ್ಯಾಯ ಮಾದರಿ ನಿಯಮಗಳಲ್ಲೇ ಇದೆ. ಮಗುವನ್ನು ವಿಚಾರಿಸುವಾಗ ತಂದೆ ತಾಯಿ ಜೊತೆಗಿರಬಹುದು, ತಪ್ಪೊಪ್ಪಿಕೋ ಅಂತ ಬಲವಂತ ಮಾಡಬಾರದು, ಹೇಳಿಕೆಗೆ ಸಹಿ ಹಾಕಿಸಬಾರದು ಅಂತ 8ನೇ ನಿಯಮ ಹೇಳುತ್ತದೆ.

ಇನ್ನೊಂದು ಅಭ್ಯಾಸ ಫೋನ್ ನಂಬರಿನದು. ಎಲ್ಲರ ಮೊಬೈಲನ್ನೂ ಬ್ಯಾಗಿನೊಳಗೆ ಇಡಿಸಿ, ಮನೆಯವರ ಎರಡು ನಂಬರ್ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆಯಿರಿ ಅನ್ನುತ್ತೇನೆ. ಇಡೀ ತರಗತಿಯಲ್ಲಿ ಬರೆಯುವವರು ನಾಲ್ಕೈದು ಜನ. ಉಳಿದವರಿಗೆ ಸ್ವಂತ ಅಮ್ಮನ ನಂಬರೇ ಬಾಯಿಗೆ ಬರುವುದಿಲ್ಲ, ಅದು ಫೋನಿನಲ್ಲಿ "ಅಮ್ಮ" ಅಂತ ಇರುತ್ತದೆ. ಜೊತೆಗೆ ಮಕ್ಕಳ ಸಹಾಯವಾಣಿ 1098, ಉಚಿತ ಕಾನೂನು ನೆರವಿನ 15100. ಇವಿಷ್ಟನ್ನೂ ಬಾಯಿಪಾಠ ಮಾಡಿಸದೆ ತರಗತಿ ಮುಗಿಸುವುದಿಲ್ಲ.

ಈ ತರಗತಿಯಲ್ಲಿ ಕೊನೆಯ ಬೆಂಚಿನಿಂದ ಒಂದು ಪ್ರಶ್ನೆ ಬಂತು. ಚಿಕ್ಕಮಗಳೂರಿನ ಮಕ್ಕಳು ಅದನ್ನು ಕೇಳದೆ ಬಿಡುವುದೇ ಇಲ್ಲ. "ಮೇಡಂ, ಲಾಯರಿಗೇ ಹೊಡೆದ್ರಲ್ಲ, ಇನ್ನು ನಮ್ಮ ಮಾತು ಕೇಳ್ತಾರಾ?" 2023ರ ನವೆಂಬರ್ ಕೊನೆಯಲ್ಲಿ ಹೆಲ್ಮೆಟ್ ವಿಚಾರಕ್ಕೆ ಶುರುವಾಗಿ, ನಮ್ಮ ನಗರದ ಯುವ ವಕೀಲರೊಬ್ಬರು ಪೊಲೀಸರು ತಮ್ಮ ಮೇಲೆ ಹಲ್ಲೆ ಮಾಡಿದರೆಂದು ದೂರಿದ ಪ್ರಕರಣ ಅದು. ರಾಜ್ಯದ ತುಂಬ ವಕೀಲರು ಬೀದಿಗಿಳಿದರು, ಪೊಲೀಸರು ಅಮಾನತಾದರು. ನಾನು ಮಕ್ಕಳಿಗೆ ಹೇಳುವುದು ಇಷ್ಟೇ: ಹೊಡೆಯುವುದೇ ಇಲ್ಲ ಅಂತ ನಾನು ಮಾತು ಕೊಡಲಾರೆ. ಆದರೆ ಅಮಾನತು ಸುಮ್ನೆ ಆಗಲಿಲ್ಲ. ಯಾವಾಗ, ಎಲ್ಲಿ, ಯಾರು ಅಂತ ಹೇಳಲು ಒಬ್ಬರಿದ್ದರು, ಕೇಳಲು ಹಿಂದೆ ಜನ ಇದ್ದರು. ನಿಮಗೂ ಅವೆರಡೂ ಬೇಕು.

ಶನಿವಾರ ಸಂಜೆ: ಕಾಲೇಜು ಹುಡುಗ

ಬಸ್ ಇಳಿದು ಬೇಕರಿ ಮುಂದೆ ನಿಂತಿದ್ದ. ಇಬ್ಬರು ಕಾನ್‌ಸ್ಟೇಬಲ್‌ಗಳು ಬೈಕಿನಲ್ಲಿ ಬಂದರು. "ಕಾಫಿ ಮೂಟೆ ವಿಷಯ, ಸುಮ್ನೆ ಬಂದು ಹೋಗು" ಅಂದರು. ಮೊದಲು ಕೈಗೆ ತೆಗೆದುಕೊಂಡದ್ದು ಅವನ ಮೊಬೈಲ್. ಲಾಕ್ ತೆಗಿ ಅಂದರು.

ಈ ಲಾಕ್ ವಿಷಯದಲ್ಲಿ ಮಕ್ಕಳಿಗೆ ಏನು ಹೇಳಬೇಕು ಅನ್ನುವುದು ಸ್ವಲ್ಪ ಸೂಕ್ಷ್ಮ. ಪೊಲೀಸರು ಪಾಸ್‌ವರ್ಡ್ ಕೇಳಬಹುದು, ಕೊಡದಿದ್ದರೆ ಕೋರ್ಟಿಗೆ ಹೋಗಿ ಸರ್ಚ್ ವಾರಂಟ್ ತರಬೇಕು ಎಂದು 2021ರಲ್ಲಿ ವೀರೇಂದ್ರ ಖನ್ನಾ ಪ್ರಕರಣದಲ್ಲಿ ಕರ್ನಾಟಕ ಹೈಕೋರ್ಟ್ ಹೇಳಿದೆ. ರಸ್ತೆಯಲ್ಲಿ ನಿಂತು ಇದನ್ನೆಲ್ಲ ಹೇಳು ಅಂತ ಹುಡುಗರಿಗೆ ನಾನು ಕಲಿಸುವುದಿಲ್ಲ. "ಅಪ್ಪ ಬಂದ್ಮೇಲೆ ತೆಗೀತೀನಿ ಸಾರ್" ಅನ್ನಬೇಕು, ಕಿತ್ತುಕೊಂಡರೆ ಎಳೆದಾಡಬಾರದು. ಅವನು ಅದನ್ನೇ ಮಾಡಿದ. ಮೊಬೈಲ್ ಅವರ ಜೇಬಿಗೆ ಹೋಯಿತು.

ನಂಬರ್ ಬಾಯಿಪಾಠ ಮಾಡಿದ್ದು ಕೆಲಸಕ್ಕೆ ಬಂದದ್ದು ಆಗಲೇ. "ಸಾರ್, ನನಗೆ ಹದಿನಾರು ವರ್ಷ. ಬರ್ತೀನಿ. ಈ ಅಂಗಡಿ ಅಣ್ಣನ ಫೋನಲ್ಲಿ ಅಮ್ಮನಿಗೆ ಹೇಳಿಬಿಡ್ತೀನಿ" ಅಂದ. ಬೇಕರಿಯವರು ಫೋನ್ ಕೊಟ್ಟರು. ಕಾನ್‌ಸ್ಟೇಬಲ್ ಬೇಡ ಅನ್ನಲಿಲ್ಲ. ಬೇಕರಿಯಲ್ಲಿ ಟೀ ಕುಡಿಯುತ್ತಿದ್ದವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಅದೂ ಒಂದು ಕಾರಣ ಇರಬಹುದು. ಅಮ್ಮ ಅಪ್ಪನಿಗೆ ಹೇಳಿದರು, ಅಪ್ಪ ಕಾಲೇಜಿನ ಉಪನ್ಯಾಸಕರಿಗೆ ಹೇಳಿದರು, ಅವರು ನನಗೆ ಫೋನ್ ಮಾಡಿದರು. ಹುಡುಗ ಠಾಣೆಯ ಬೆಂಚಿನ ಮೇಲೆ ಕೂರುವ ಹೊತ್ತಿಗೆ ಅವನು ಎಲ್ಲಿದ್ದಾನೆ ಅಂತ ನಾಲ್ಕು ಜನಕ್ಕೆ ಗೊತ್ತಿತ್ತು. ಇಡೀ ಪ್ರಕರಣದಲ್ಲಿ ಇದಕ್ಕಿಂತ ಬೆಲೆಬಾಳುವ ಸಂಗತಿ ಇನ್ನೊಂದಿಲ್ಲ ಅಂತ ನನಗೆ ಅನ್ನಿಸುತ್ತದೆ.

ಸಬ್ ಇನ್ಸ್‌ಪೆಕ್ಟರ್ ಬಂದೋಬಸ್ತ್‌ಗೆ ಹೋಗಿದ್ದರು. ಇದ್ದವರೊಬ್ಬರು ಬಿಳಿ ಹಾಳೆ ಮುಂದಿಟ್ಟು ಕೆಳಗೆ ಸೈನ್ ಹಾಕು ಅಂದರು. "ಅಪ್ಪ ಬಂದ್ಮೇಲೆ ಓದಿ ಹಾಕ್ತೀನಿ ಸಾರ್" ಅಂದ. ಕಪಾಳಕ್ಕೊಂದು ಬಿತ್ತು. "ಮೀಸೆ ಬಂದಿದೆ, ಹದಿನಾರಂತೆ!" ಅಂದರು. ಅವನು ಮತ್ತೆ ಅದೇ ಮಾತು ಹೇಳಿದ. ಹಾಳೆ ಹಾಗೇ ಉಳಿಯಿತು.

ನಾನು ಚಿಕ್ಕಮಗಳೂರಿನಿಂದ ಹೊರಡುವ ಮೊದಲು ಆ ಠಾಣೆಯ ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿಗೆ ಫೋನ್ ಮಾಡಿದೆ. ಪ್ರತಿ ಠಾಣೆಯಲ್ಲೂ ಇಂಥ ಒಬ್ಬರು ಇರಲೇಬೇಕು, ಸಹಾಯಕ ಸಬ್ ಇನ್ಸ್‌ಪೆಕ್ಟರ್ (ಎಎಸ್‌ಐ) ದರ್ಜೆಗಿಂತ ಕೆಳಗಿನವರಾಗಿರಬಾರದು. ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 107. ಅವರ ಹೆಸರು ಮತ್ತು ನಂಬರ್ ಇಟ್ಟುಕೊಳ್ಳುವುದು ಊರಿನ ಪ್ರತಿ ಶಾಲೆಗೂ ಒಳ್ಳೆಯದು. ಆ ಎಎಸ್‌ಐ ಮನೆಯಲ್ಲಿದ್ದರು. ಅರ್ಧ ಗಂಟೆಯೊಳಗೆ ಪ್ಯಾಂಟು ಶರ್ಟಿನಲ್ಲೇ ಬಂದರು. ಮಕ್ಕಳ ಜೊತೆ ವ್ಯವಹರಿಸುವಾಗ ಅವರು ಯೂನಿಫಾರ್ಮಿನಲ್ಲಿ ಇರಬಾರದು ಎಂಬುದೇ ನಿಯಮ. ವಯಸ್ಸಿಗೆ ದಾಖಲೆ ಕೇಳಿದರು. ಅಷ್ಟರಲ್ಲಿ ಬಂದಿದ್ದ ಅಪ್ಪ ಫೋನಿನಲ್ಲಿದ್ದ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಫೋಟೋ ತೋರಿಸಿದರು. ವಯಸ್ಸಿನ ಬಗ್ಗೆ ಅನುಮಾನ ಬಂದರೆ ಮೊದಲು ನೋಡಬೇಕಾದದ್ದು ಶಾಲೆಯ ಅಥವಾ ಮೆಟ್ರಿಕ್ ದಾಖಲೆ, ಅದಿಲ್ಲದಿದ್ದರೆ ಜನನ ಪ್ರಮಾಣಪತ್ರ, ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಸೆಕ್ಷನ್ 94. ಮೀಸೆ ಯಾವ ಪಟ್ಟಿಯಲ್ಲೂ ಇಲ್ಲ.

ಆಮೇಲೆ ಎಲ್ಲ ಸಲೀಸಾಯಿತು. ಹುಡುಗನನ್ನು ಯಾವ ಲೆಕ್ಕದಲ್ಲಿ ಕರೆದಿರಿ, ಸಾಕ್ಷಿಯೋ ಆರೋಪಿಯೋ ಅಂತ ನಾನು ಕೇಳಿದೆ. ಉತ್ತರ ಬರಲಿಲ್ಲ. "ಸುಮ್ನೆ ಬಂದು ಹೋಗು" ಅನ್ನುವ ಮಾತಿನ ಕಷ್ಟವೇ ಇದು. ಸಾಕ್ಷಿ ಅಂತ ಕರೆಯುವುದಾದರೆ ಲಿಖಿತ ಆದೇಶ ಬೇಕು. ಪೊಲೀಸ್ ತನಿಖೆಯ ಕ್ರಮ ಹೇಳುವ ನಾಗರಿಕ ಸುರಕ್ಷಾ ಸಂಹಿತೆಯ ಸೆಕ್ಷನ್ 179. 15 ತುಂಬದ ಹುಡುಗರನ್ನು, ಯಾವ ವಯಸ್ಸಿನ ಹೆಣ್ಣುಮಕ್ಕಳನ್ನೂ ಸಾಕ್ಷಿಯಾಗಿ ಠಾಣೆಗೆ ಬರಲೇಬೇಕು ಅನ್ನುವಂತಿಲ್ಲ, ಅವರಿದ್ದಲ್ಲಿಗೇ ಹೋಗಿ ಕೇಳಬೇಕು. ನಮ್ಮ ಹುಡುಗನಿಗೆ 16, ಹಾಗಾಗಿ ಆ ವಿನಾಯಿತಿ ಸಿಗದು, ಆದರೆ ಲಿಖಿತ ಆದೇಶ ಬೇಕೇ ಬೇಕು. ಆರೋಪಿ ಅಂತಾದರೆ ಬಾಲ ನ್ಯಾಯದ ದಾರಿ. ಯಾವುದೂ ಅಲ್ಲ ಅಂದರೆ ಮನೆಗೆ ಕಳಿಸಬೇಕು. ರಾತ್ರಿ ಅಪ್ಪನ ಜೊತೆ ಕಳಿಸಿದರು, ಮೊಬೈಲನ್ನೂ ವಾಪಸ್ ಕೊಟ್ಟರು. ಮರುವಾರ ಅಪ್ಪನ ಕೈಗೆ ನೋಟಿಸ್ ಕೊಟ್ಟು, ಅವರ ಎದುರಿಗೇ ಹುಡುಗನ ಮಾತು ಕೇಳಿ ಬರೆದುಕೊಂಡರು. ಸಹಿ ಕೇಳಲಿಲ್ಲ.

ಭಾನುವಾರ: ಗ್ಯಾರೇಜ್ ಹುಡುಗ

ಶನಿವಾರ ಸಂಜೆಯೇ ಇವನನ್ನು ಕರೆಯಲು ಗ್ಯಾರೇಜಿಗೂ ಹೋಗಿದ್ದರು. ಬೈಕ್ ನಿಲ್ಲಿಸುವುದನ್ನು ಕಂಡವನೇ ಹಿಂದಿನ ಬಾಗಿಲಿನಿಂದ ತೋಟಕ್ಕೆ ಹಾರಿ ಓಡಿದ. ಕದ್ದಿದ್ದಕ್ಕಲ್ಲ. ಹಿಂದೊಮ್ಮೆ ಲೈಸೆನ್ಸ್ ಇಲ್ಲದೆ ಗಾಡಿ ಓಡಿಸಿ ಸಿಕ್ಕಿಬಿದ್ದಾಗ ಬಿದ್ದ ಏಟು ನೆನಪಿತ್ತು. ರಾತ್ರಿಯೆಲ್ಲ ದೊಡ್ಡಪ್ಪನ ಮನೆಯ ಕೊಟ್ಟಿಗೆಯಲ್ಲಿ ಮಲಗಿದ್ದ. ಓಡಿದ್ದೇ ಅವನ ಮೇಲಿನ ಅನುಮಾನವನ್ನು ಗಟ್ಟಿ ಮಾಡಿತು. ಕದ್ದಿಲ್ಲ ಅಂದ್ರೆ ಯಾಕೆ ಓಡ್ತಿದ್ದ? ಊರೂ ಹಾಗೇ ಅಂದಿತು, ಪೊಲೀಸರೂ ಹಾಗೇ ಅಂದರು. ಪೊಲೀಸರನ್ನು ಕಂಡು ಓಡುವ ಹುಡುಗರಲ್ಲಿ ಹೆಚ್ಚಿನವರು ತಪ್ಪು ಮಾಡಿದವರಲ್ಲ, ಹೆದರಿದವರು. ಇಷ್ಟು ವರ್ಷದ ಕೆಲಸದಲ್ಲಿ ಇದು ನನಗೆ ಚೆನ್ನಾಗಿ ಗೊತ್ತಾಗಿದೆ. ಆದರೆ ಓಡಿದವನ ಪರವಾಗಿ ಇದನ್ನು ಹೇಳಿ ನಂಬಿಸುವುದು ಬಹಳ ಕಷ್ಟ.

ಬೆಳಿಗ್ಗೆ ದೊಡ್ಡಪ್ಪನೇ ಠಾಣೆಗೆ ಕರೆದುಕೊಂಡು ಹೋಗಿ ಬಿಟ್ಟು ಬಂದರು. ದೊಡ್ಡವರು ಮಾಡುವ ಕೆಲಸವೇ ಅದು: ಸಾಹೇಬರ ಹತ್ರ ನಿಜ ಹೇಳಿಬಿಡು, ಬಿಟ್ಟುಬಿಡ್ತಾರೆ. ಜೊತೆಯಲ್ಲಿ ಕೂರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಒಂದು ಹಾಳೆ ತಯಾರಾಗಿತ್ತು. ಪಿಕಪ್‌ನವನ ಜೊತೆ ಸೇರಿ ಮೂಟೆ ಹೊತ್ತೆ ಅಂತ ಅದರಲ್ಲಿತ್ತು. ಕೆಳಗೆ ಅವನ ಸಹಿ. ಓದಿದ್ಯಾ ಅಂತ ಆಮೇಲೆ ಕೇಳಿದೆ. "ಸೈನ್ ಹಾಕಿದ್ರೆ ಮನೆಗೆ ಕಳಿಸ್ತೀವಿ ಅಂದ್ರು ಮೇಡಂ" ಅಂದ.

ಮನೆಗೆ ಕಳಿಸಲಿಲ್ಲ. ಮೂರು ವರ್ಷದವರೆಗೆ ಶಿಕ್ಷೆ ಇರುವ ಸಾಮಾನ್ಯ ಕಳ್ಳತನ ಬಾಲ ನ್ಯಾಯ ಕಾಯ್ದೆಯ ಪ್ರಕಾರ ಸಣ್ಣ ಅಪರಾಧ. ಮಗು ಒಬ್ಬನೇ ಮಾಡಿದ್ದು ಅಂತಾದರೆ ಎಫ್‌ಐಆರ್ ಕೂಡ ಹಾಕುವಂತಿಲ್ಲ. ಠಾಣೆಯ ದಿನಚರಿಯಲ್ಲಿ ಬರೆದು, ಹುಡುಗನ ಮನೆ, ಓದು, ಕೆಲಸದ ಬಗ್ಗೆ ಸಾಮಾಜಿಕ ಹಿನ್ನೆಲೆ ವರದಿ ಮಾಡಿ ಮಕ್ಕಳ ಪ್ರಕರಣ ನೋಡುವ ಬಾಲ ನ್ಯಾಯ ಮಂಡಳಿಗೆ ಕಳಿಸಬೇಕು, ಅಷ್ಟೇ. ಘೋರ ಅಪರಾಧವಾದರೆ ಅಥವಾ ದೊಡ್ಡವರ ಜೊತೆ ಸೇರಿ ಮಾಡಿದ್ದು ಅಂತಾದರೆ ಮಾತ್ರ ಎಫ್‌ಐಆರ್. ಸಹಿ ಹಾಕಿದ ಆ ಹಾಳೆಯಿಂದ ಇವನು "ದೊಡ್ಡವರ ಜೊತೆ ಸೇರಿದವನು" ಆಗಿಬಿಟ್ಟ.

ತಾಯಿ ಕಾಲೇಜು ಹುಡುಗನ ಮನೆಗೆ ಓಡಿ ಬಂದು ಹೇಳಿದ ಮೇಲೆಯೇ ನನಗೆ ತಿಳಿದದ್ದು. ಹಿಡಿದ 24 ಗಂಟೆಯೊಳಗೆ, ಪ್ರಯಾಣದ ಹೊತ್ತು ಬಿಟ್ಟು, ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರು ಮಾಡಬೇಕು. ಲಾಕಪ್ಪಿಗಾಗಲಿ ಜೈಲಿಗಾಗಲಿ ಹಾಕುವ ಹಾಗೇ ಇಲ್ಲ. ಸೆಕ್ಷನ್ 10 ಇದನ್ನು ಖಡಾಖಂಡಿತವಾಗಿ ಹೇಳುತ್ತದೆ. ಭಾನುವಾರ ಮಂಡಳಿ ಕೂರುವುದಿಲ್ಲ. ಹಾಗಿದ್ದಾಗ ಮಂಡಳಿಯ ಒಬ್ಬ ಸದಸ್ಯರ ಮುಂದೆ ಹಾಜರು ಮಾಡಬಹುದು. ಸಂಜೆ ಹಾಗೇ ಮಾಡಿದರು. ಸದಸ್ಯರು ಹುಡುಗನನ್ನು ತಾಯಿಯ ವಶಕ್ಕೆ ಕೊಟ್ಟು, ಸೋಮವಾರ ಬರಲು ಹೇಳಿದರು. ಸೋಮವಾರ ಮಂಡಳಿ ಜಾಮೀನು ಕೊಟ್ಟಿತು. ಮಕ್ಕಳಿಗೆ ಜಾಮೀನು ಕೊಡುವುದೇ ನಿಯಮ. ಬಿಟ್ಟರೆ ಅಪರಾಧಿಗಳ ಸಹವಾಸಕ್ಕೆ ಬೀಳುತ್ತಾನೆ, ಅವನಿಗೇ ಅಪಾಯವಿದೆ, ಅಥವಾ ನ್ಯಾಯಕ್ಕೇ ಧಕ್ಕೆಯಾಗುತ್ತದೆ ಅನ್ನುವಂಥ ಕಾರಣಗಳಿದ್ದರೆ ಮಾತ್ರ ನಿರಾಕರಿಸಬಹುದು, ಅದನ್ನೂ ಬರೆದು ತಿಳಿಸಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟ್ ಮತ್ತು ಇಬ್ಬರು ಸಮಾಜ ಕಾರ್ಯಕರ್ತರು ಇರುತ್ತಾರೆ, ಆ ಇಬ್ಬರಲ್ಲಿ ಒಬ್ಬರು ಮಹಿಳೆಯಾಗಿರಬೇಕು. ಹುಡುಗ ನಡುಗುತ್ತಾ ಒಳಗೆ ಹೋದವನು, "ಗ್ಯಾರೇಜಲ್ಲಿ ಏನು ಕೆಲಸ ಗೊತ್ತು ನಿನಗೆ?" ಅಂತ ಆ ಮಹಿಳಾ ಸದಸ್ಯರು ಕೇಳಿದಾಗ ಕ್ಲಚ್ ಪ್ಲೇಟ್ ಬದಲಿಸುವುದನ್ನು ವಿವರಿಸಿದ.

ಆ ಹಾಳೆ ಏನಾಯಿತು? ಪೊಲೀಸರ ಎದುರು ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. ಹಿಂದಿನ ಸಾಕ್ಷ್ಯ ಕಾಯ್ದೆಯ ಸೆಕ್ಷನ್ 25ರಲ್ಲಿ ಇದು ಇತ್ತು, 2024ರ ಜುಲೈ 1ರಿಂದ ಜಾರಿಗೆ ಬಂದ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 23ರಲ್ಲೂ ಇದೆ. ಅವನ ಮಾತಿನಿಂದ ಮೂಟೆಗಳೇನಾದರೂ ಸಿಕ್ಕಿದ್ದರೆ ಕಥೆ ಬೇರೆಯಾಗುತ್ತಿತ್ತು. ಸಿಗಲಿಲ್ಲ. ಬೇರೆ ಸಾಕ್ಷ್ಯವೂ ಬರಲಿಲ್ಲ. ಸಣ್ಣ ಅಪರಾಧದ ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಹೆಚ್ಚೆಂದರೆ ಇನ್ನೆರಡು ತಿಂಗಳು ಕೊಡಬಹುದು. ಆಗಲೂ ಮುಗಿಯದಿದ್ದರೆ ಪ್ರಕರಣ ಅಲ್ಲಿಗೇ ಕೊನೆ. ಇವನದೂ ಹಾಗೇ ಕೊನೆಯಾಯಿತು. ಆದರೆ ಆ ಆರು ತಿಂಗಳು ತಾಯಿ ಪ್ರತಿ ತಾರೀಕಿಗೂ ಕೂಲಿ ಬಿಟ್ಟು ಚಿಕ್ಕಮಗಳೂರಿಗೆ ಬಂದರು. ವಕೀಲರ ಫೀಸೇನೂ ಇರಲಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಸೆಕ್ಷನ್ 12ರಲ್ಲಿ ಮಕ್ಕಳಿಗೆ ಮತ್ತು ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ಹೋದ ಕೂಲಿಯನ್ನು ತುಂಬಿಕೊಡುವ ಕಾನೂನು ಮಾತ್ರ ಇಲ್ಲ.

ಕಪಾಳಕ್ಕೆ ಬಿದ್ದ ಏಟು

ಕಾಲೇಜು ಹುಡುಗನಿಗೆ ಬಿದ್ದ ಏಟಿನ ವಿಷಯವನ್ನು ನಾನು ಬಿಡಲು ತಯಾರಿರಲಿಲ್ಲ. ತನ್ನ ಹಿಡಿತದಲ್ಲಿರುವ ಮಗುವಿಗೆ ಹೊಡೆಯುವುದು ಬಾಲ ನ್ಯಾಯ ಕಾಯ್ದೆಯ ಸೆಕ್ಷನ್ 75ರ ಪ್ರಕಾರ ಅಪರಾಧ. ಎಸ್‌ಪಿಗೆ ಬರೆಯಬಹುದು, ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಬರೆಯಬಹುದು, ಪೊಲೀಸ್ ದೂರು ಪ್ರಾಧಿಕಾರಕ್ಕೆ ಬರೆಯಬಹುದು. ಅಪ್ಪ ತುಂಬ ಹೊತ್ತು ಸುಮ್ಮನಿದ್ದು, "ನಾಳೆಯೂ ಅದೇ ತೋಟಕ್ಕೆ ಕೆಲಸಕ್ಕೆ ಹೋಗಬೇಕು ಮೇಡಂ. ಮನೆಯೂ ಸಾಹುಕಾರ್ರದ್ದೇ" ಅಂದರು.

ಇದಕ್ಕೆ ಎದುರು ಮಾತಾಡುವುದು ಹೇಗೆ? ದೂರು ಕೊಡಿ ಅನ್ನುವ ನಾನು ರಾತ್ರಿ ಚಿಕ್ಕಮಗಳೂರಿನ ನನ್ನ ಮನೆಗೆ ಹೋಗುತ್ತೇನೆ. ಅವರು ಲೈನ್ ಮನೆಯಲ್ಲೇ ಇರುತ್ತಾರೆ. ಒತ್ತಾಯ ಮಾಡಲಿಲ್ಲ. ಆದರೆ ಎರಡು ಕೆಲಸಕ್ಕೆ ಅವರು ಒಪ್ಪಿದರು. ಒಂದು, ಹುಡುಗನ ನೋಟ್‌ಬುಕ್ಕಿನಲ್ಲಿ ಅವನ ಕೈಯಿಂದಲೇ ನಡೆದದ್ದನ್ನೆಲ್ಲ ಬರೆಸಿದೆವು: ಬೇಕರಿ ಮುಂದೆ ಎಷ್ಟು ಗಂಟೆ, ಯಾವ ಬೆಂಚು, ಯಾರ ಎದೆಯ ಮೇಲೆ ಯಾವ ಹೆಸರಿನ ಪಟ್ಟಿ ಇತ್ತು, ಯಾರ ಎದೆಯ ಮೇಲೆ ಇರಲಿಲ್ಲ. ಹಿಡಿಯಲು ಮತ್ತು ವಿಚಾರಿಸಲು ಬರುವವರು ಹೆಸರಿನ ಪಟ್ಟಿ ಹಾಕಿರಲೇಬೇಕು ಎಂಬುದು ಸುಪ್ರೀಂ ಕೋರ್ಟ್ 1996ರ ಡಿ.ಕೆ. ಬಸು ಪ್ರಕರಣದಲ್ಲಿ ಕೊಟ್ಟ ನಿರ್ದೇಶನಗಳಲ್ಲಿ ಮೊದಲನೆಯದು. ಎರಡನೆಯದು, ಆ ಸಂಜೆಯ ಸಿಸಿಟಿವಿ ದೃಶ್ಯ ಅಳಿಸದೆ ಇಡಿ ಎಂದು ಕೇಳುವ ಒಂದು ಪತ್ರ. 2020ರ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯಲ್ಲೂ ಕ್ಯಾಮೆರಾ ಇರಬೇಕು, ದೃಶ್ಯವನ್ನು 18 ತಿಂಗಳು, ಅಷ್ಟಾಗದಿದ್ದರೂ ಕನಿಷ್ಠ ಒಂದು ವರ್ಷ ಇಡಬೇಕು ಎಂದಿದೆ. ಪತ್ರ ದೂರಲ್ಲ. ಯಾರ ಹೆಸರೂ ಅದರಲ್ಲಿಲ್ಲ. ಮುಂದೆ ಎಂದಾದರೂ ದೂರು ಕೊಡಬೇಕು ಅನ್ನಿಸಿದರೆ ಕೈಯಲ್ಲಿ ಏನೋ ಒಂದು ಇರುತ್ತದೆ. ಅಪ್ಪ ಅದಕ್ಕೆ ಸಹಿ ಹಾಕಿ, ರಿಜಿಸ್ಟರ್ ಪೋಸ್ಟ್ ಮಾಡಿದರು. ರಸೀದಿ ಅವರ ಹತ್ತಿರ ಇದೆ.

ಇಬ್ಬರನ್ನೂ ಅಕ್ಕಪಕ್ಕ ಇಟ್ಟಾಗ

ಕಾಲೇಜು ಹುಡುಗ ಒಂದು ಸೆಕ್ಷನ್ನನ್ನೂ ಹೇಳಲಿಲ್ಲ. ಅವನನ್ನು ಕಾಪಾಡಿದ್ದು ಬಾಯಿಗೆ ರೂಢಿಯಾದ ಎರಡು ಮೂರು ಮಾತು, ನೆನಪಿನಲ್ಲಿದ್ದ ಒಂದು ನಂಬರ್, ಫೋನ್ ಕೊಟ್ಟ ಬೇಕರಿಯವರು, ಕರೆದ ಕೂಡಲೇ ಬಂದ ಒಬ್ಬ ಎಎಸ್‌ಐ. ಮಕ್ಕಳಿಗೆ ಪೊಲೀಸರ ವಿರುದ್ಧ ಕಲಿಸ್ತೀರಾ ಅಂತ ಕೆಲವು ಮೇಷ್ಟ್ರುಗಳು ನನ್ನನ್ನು ಕೇಳುತ್ತಾರೆ. ಆ ರಾತ್ರಿ ಕಾನೂನಿನ ಪ್ರಕಾರ ನಡೆದುಕೊಂಡವರಲ್ಲಿ ಆ ಎಎಸ್‌ಐಯೂ ಒಬ್ಬರು ಅಂತ ಅವರಿಗೆ ಹೇಳುತ್ತೇನೆ. ಹುಡುಗ ಸಹಿ ಹಾಕದೆ ಉಳಿದದ್ದರಿಂದ ಅವರ ಕೆಲಸವೂ ಹಗುರಾಯಿತು.

ಗ್ಯಾರೇಜ್ ಹುಡುಗನಿಗೆ ಇದ್ಯಾವುದೂ ಇರಲಿಲ್ಲ. ನನ್ನನ್ನು ಕಾಡುವುದು ಇದೇ. ಪೊಲೀಸರು ಜಾಸ್ತಿ ನಿಲ್ಲಿಸುವುದು ಗ್ಯಾರೇಜು, ಬಾರ್ ಪಕ್ಕದ ಆಮ್ಲೆಟ್ ಗಾಡಿ, ಮರಳು ಲಾರಿ, ಬಸ್ ಸ್ಟ್ಯಾಂಡುಗಳ ಹುಡುಗರನ್ನು. ನಮ್ಮ ಪಾಠ ನಡೆಯುವುದು ಕಾಲೇಜಿನ ಹಾಲಿನಲ್ಲಿ, ಪ್ರಾಂಶುಪಾಲರ ಸ್ವಾಗತ ಭಾಷಣದ ನಂತರ. ಯಾರಿಗೆ ಬೇಕೋ ಅವರು ಆ ಹಾಲಿಗೆ ಬರುವುದೇ ಇಲ್ಲ. ದೊಡ್ಡಪ್ಪನಂಥವರೂ ಬರುವುದಿಲ್ಲ. ಜೊತೆಯಲ್ಲಿ ಕೂರಬಹುದು ಅಂತ ಗೊತ್ತಿದ್ದರೆ ಆ ಭಾನುವಾರ ಅವರು ಬಿಟ್ಟು ಬರುತ್ತಿರಲಿಲ್ಲ ಅಂತ ಅವರೇ ನನ್ನ ಹತ್ತಿರ ಹೇಳಿದರು.

ಗ್ಯಾರೇಜಿನಲ್ಲಿ

ಏಪ್ರಿಲಿನಲ್ಲಿ ಒಂದು ಭಾನುವಾರ ಅದೇ ಗ್ಯಾರೇಜಿನಲ್ಲಿ ಪಾಠ ಮಾಡಿದೆವು. ಮಾಲೀಕರು ಮೊದಲು ಹಿಂಜರಿದರು, ಆಮೇಲೆ ಅವರೇ ಅಕ್ಕಪಕ್ಕದ ಅಂಗಡಿಗಳ ಹುಡುಗರನ್ನು ಕರೆಸಿದರು. ಟೈರಿನ ಮೇಲೆ, ಆಯಿಲ್ ಡಬ್ಬದ ಮೇಲೆ ಕೂತರು. ಕೆಲವರ ತಾಯಂದಿರು ಬಾಗಿಲ ಹತ್ತಿರ ನಿಂತಿದ್ದರು. ಆ ಎಎಸ್‌ಐ ಕೂಡ ಬಂದರು, ಅದೇ ಪ್ಯಾಂಟು ಶರ್ಟಿನಲ್ಲಿ. ಹುಡುಗರಿಗೆ ಅವರು ಪೊಲೀಸ್ ಅಂತ ನಂಬಿಕೆಯೇ ಬರಲಿಲ್ಲ. ತಮ್ಮ ನಂಬರ್ ಹೇಳಿ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಿಸಿದರು.

ಪೊಲೀಸ್ ಪಾತ್ರ ಮಾಡಲು ಎದ್ದವನು ಗ್ಯಾರೇಜ್ ಹುಡುಗ. ಬಿಳಿ ಹಾಳೆಯೊಂದನ್ನು ಎದುರಿನವನ ಮುಂದಿಟ್ಟು, "ಸೈನ್ ಹಾಕಿದ್ರೆ ಮನೆಗೆ ಕಳಿಸ್ತೀವಿ" ಅಂದ. ಎದುರಿಗಿದ್ದ ಹುಡುಗ ಹಾಳೆಯನ್ನು ತಿರುಗಿಸಿ ನೋಡಿ, "ಇದ್ರಲ್ಲಿ ಏನೂ ಬರ್ದೇ ಇಲ್ವಲ್ಲ ಸಾರ್" ಅಂದ.

ಕೊನೆಯಲ್ಲಿ ಕಾಫಿ ಕಳ್ಳತನದ ಬಗ್ಗೆ ಯಾರೂ ಕೇಳಲಿಲ್ಲ. ಎಲ್ಲರ ಪ್ರಶ್ನೆ ಬೈಕಿನದು. 18 ಆಗದೆ ಗಾಡಿ ಓಡಿಸಿ ಸಿಕ್ಕಿಬಿದ್ದರೆ ಏನಾಗುತ್ತೆ? ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ ಸೆಕ್ಷನ್ 199ಎ ಬಗ್ಗೆ ಹೇಳಿದೆ. ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಓಡಿಸಿದವನಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಬಾಗಿಲಲ್ಲಿದ್ದ ತಾಯಿಯೊಬ್ಬರು ಒಳಗೆ ಬಂದೇ ಕೂತರು.

ಗ್ಯಾರೇಜ್ ಮಾಲೀಕರು ಕೈ ಒರೆಸಿಕೊಳ್ಳುತ್ತಾ, "ರಿಪೇರಿ ಆದ್ಮೇಲೆ ಟ್ರಯಲ್ ನೋಡೋಕೆ ನಾನೇ ಇವನ ಕೈಗೆ ಕೀ ಕೊಡ್ತೀನಿ ಮೇಡಂ. ಆಗ ಯಾರ ಮೇಲೆ ಬರುತ್ತೆ?" ಅಂತ ಕೇಳಿದರು. ಮೊದಲು ಬರುವುದು ಗಾಡಿಯ ಯಜಮಾನರ ಮೇಲೆ, ಅವರ ಒಪ್ಪಿಗೆಯಿಂದಲೇ ಓಡಿಸಿದ ಅಂತ ಕೋರ್ಟ್ ಅಂದುಕೊಳ್ಳುತ್ತದೆ, ನನಗೆ ಗೊತ್ತಿಲ್ಲದೆ ಆಯಿತು ಅಂತ ಅವರು ತೋರಿಸಿಕೊಡಬೇಕು ಅಂದೆ. "ಅಂದ್ರೆ ಗಿರಾಕಿ ಬಂದು ನನ್ನ ಕೊರಳಪಟ್ಟಿ ಹಿಡೀತಾನೆ" ಅಂದರು. ಎಎಸ್‌ಐ ಹೌದು ಅಂತ ತಲೆಯಾಡಿಸಿದರು. ಈಗ ಟ್ರಯಲನ್ನು ಮಾಲೀಕರೇ ನೋಡುತ್ತಿದ್ದಾರೆ. ಹುಡುಗನಿಗೆ 18 ತುಂಬಿದ ಕೂಡಲೇ ಕಲಿಕಾ ಲೈಸೆನ್ಸ್ (ಎಲ್‌ಎಲ್) ಮಾಡಿಸಲು ಬೇಕಾದ ಕಾಗದಗಳನ್ನು ತಾಯಿ ಆಗಲೇ ಜೋಡಿಸಿಟ್ಟಿದ್ದಾರೆ.